ಪೂರ್ತಿ ಓದಿಬಿಟ್ಟ ಸುದ್ದಿ

ಎರಡನೆಯ ಒಬ್ಬೆಯ ಇಡ್ಲಿ ಇಳಿಸುತ್ತಿದ್ದೆ. ಸೊಸೆ ಫೋನ್ ಹಿಡಿದುಕೊಂಡು ಒಲೆ ಹತ್ತಿರ ಬಂದು ನಿಂತಳು. ಮುಖ ನೋಡಿದರೆ ಯಾರೋ ಸತ್ತ ಸುದ್ದಿ ತಂದ ಹಾಗಿತ್ತು.

“ಅತ್ತೆ, ಗುಂಡುತೋಪಿನ ವಿಡಿಯೋ ತೆಗ್ದ್ ಹಾಕ್‌ಬಿಟ್ಟವ್ರೆ.”

“ಯಾರು?”

“ವಿಡಿಯೋ ಕಂಪನಿಯವ್ರು. ಆ ಸುದ್ದಿ ಬರ್ದಿರೋರು ಕಂಪ್ಲೇಂಟ್ ಕೊಟ್ಟವ್ರಂತೆ. ಕಾಪಿರೈಟ್ ಸ್ಟ್ರೈಕು.”

ತಟ್ಟೆಗೆ ತಣ್ಣೀರು ಚಿಮುಕಿಸಿ ಇಡ್ಲಿ ಎಬ್ಬಿಸುತ್ತಾ, “ಓದಿದ್ದಕ್ಕೆ ಕಂಪ್ಲೇಂಟಾ? ಸುದ್ದಿ ಬರ್ಯೋದು ಓದ್ಲಿ ಅಂತ ಅಲ್ದೆ ಇನ್ನೇನಕ್ಕೆ, ಉಪ್ಪಿನಕಾಯಿ ಹಾಕೋಕಾ?” ಅಂದೆ. ತಿನ್ನುತ್ತಿದ್ದವರೆಲ್ಲ ನಕ್ಕರು. ನನಗೂ ಅದು ನಗುವ ವಿಷಯವೇ ಅನಿಸಿತ್ತು.

ಸೊಸೆ ನಗಲಿಲ್ಲ. “ಇದು ಎರಡ್ನೇದು ಅತ್ತೆ. ಮೂರ್ನೇದು ಬಿದ್ರೆ ಚಾನೆಲ್ಲೇ ಇರಲ್ಲ. ಎಲ್ಲಾ ಹೋಗ್ತದೆ.”

ಮೊದಲನೆಯ ಸ್ಟ್ರೈಕು ಬಿದ್ದಿದ್ದು ಅವಳು ನನ್ನ ಮಾತಿನ ಹಿಂದೆ ಯಾವುದೋ ಟೀವಿಯ ತುಣುಕು ಅಂಟಿಸಿದ್ದಕ್ಕೆ. ಅದು ಅವಳ ತಪ್ಪು ಅಂತ ಇಬ್ಬರೂ ಒಪ್ಪಿಕೊಂಡಿದ್ದೆವು. ಇದು ಯಾರ ತಪ್ಪು ಅಂತ ಆವತ್ತು ನಾನು ಕೇಳಿಕೊಳ್ಳಲಿಲ್ಲ.

‘ಎಲ್ಲಾ ಹೋಗ್ತದೆ’ ಅಂದರೆ ಏನು ಅಂತ ಹೇಳಬೇಕು. ಅಬ್ಬಿಗೆರೆಯ ನನ್ನ ಇಡ್ಲಿ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ಎಂಜಲು ಕೈಯಲ್ಲಿ ಪೇಪರ್ ಮುಟ್ಟಬಾರದು. ಹಿಂದೆ ಒಬ್ಬ ಮುಟ್ಟಿ ಚಟ್ನಿ ಅಂಟಿಸಿದ, ಮುಂದಿನವನಿಗೆ ಅರ್ಧ ಸುದ್ದಿ ಕಾಣಲಿಲ್ಲ, ದೊಡ್ಡ ಜಗಳವಾಯಿತು. ಆವತ್ತಿನಿಂದ ಪೇಪರ್ ನನ್ನ ಕೈಯಲ್ಲೇ ಇರುತ್ತದೆ. ಒಬ್ಬೆ ಒಲೆಗೇರಿಸಿ, ಮುಚ್ಚಳ ಹಾಕಿ, ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತೇನೆ. ನಾನು ಓದಿರುವುದು ನಾಲ್ಕನೇ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನಕ್ಕೆ ಓದುತ್ತೇನೆ. ನಡುವೆ ಬೈಯಬೇಕು ಅನಿಸಿದರೆ ಬೈಯುತ್ತೇನೆ. ಇಡ್ಲಿ ಬೇಯುವುದರೊಳಗೆ ಒಂದು ಸುದ್ದಿ ಮುಗಿಯಬೇಕು. ಮುಗಿಯದಿದ್ದರೆ ಇಡ್ಲಿ ಇಳಿಸಿ, ಬಡಿಸಿ, ಮುಂದಿನ ಒಬ್ಬೆಗೆ ಉಳಿದದ್ದು.

ಸೊಸೆ ಇದನ್ನೇ ಒಂದು ದಿನ ಫೋನಿನಲ್ಲಿ ಹಿಡಿದು ಹಾಕಿದಳು. ಮುಚ್ಚಳ ಹಾಕುವಾಗ ಶುರು, ಮುಚ್ಚಳ ತೆಗೆದಾಗ ಮುಕ್ತಾಯ. ಜನ ನೋಡಿದರು. ಯಾಕೆ ನೋಡಿದರೋ ನನಗೆ ಈಗಲೂ ತಿಳಿಯದು. ಮತ್ತಿಕೆರೆಯ ಕಾಲೇಜು ಹುಡುಗರು ಬೈಕು ಹಾಕಿಕೊಂಡು ಬಂದು, “ಅಜ್ಜಿ, ನಮ್ ಹೆಸ್ರು ಹೇಳಿ ಒಂದ್ ಸಲ ಬೈರಿ” ಅಂತ ಕೇಳುವ ಮಟ್ಟಕ್ಕೆ ಹೋಯಿತು. ಸೊಸೆ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ದಿನವೆಲ್ಲ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ಚಾನೆಲ್ ನಡೆಯತೊಡಗಿದ ಮೇಲೆ ಆ ಕೆಲಸ ಬಿಟ್ಟಳು. ಚಾನೆಲ್ ಹೋದರೆ ಮತ್ತೆ ಬೆಳಗ್ಗೆ ಕಂಪನಿಯ ಬಸ್ಸು ಹತ್ತಬೇಕು. ಅವಳ ಮುಖದಲ್ಲಿ ನಾನು ಕಂಡದ್ದು ಆ ಬಸ್ಸು.

ಇನ್ನು ಗುಂಡುತೋಪಿನ ವಿಡಿಯೋ. ಹಳೇ ಊರುಗಳಿಗೆಲ್ಲ ಒಂದೊಂದು ಗುಂಡುತೋಪು ಇರುತ್ತಿತ್ತು. ಹುಣಸೆ, ಮಾವು, ನೇರಳೆ ಮರಗಳ ತೋಪು. ಯಾರೊಬ್ಬರ ಸ್ವತ್ತೂ ಅಲ್ಲ, ಊರಿಗೆ ಸೇರಿದ್ದು. ನಮ್ಮ ಕಡೆಯ ಅಂಥ ತೋಪೊಂದು ಹೇಗೆ ಸ್ವಲ್ಪ ಸ್ವಲ್ಪವೇ ಕರಗಿ, ಶೆಡ್ಡುಗಳಾಗಿ, ಸೈಟುಗಳಾಗಿ, ಕೊನೆಗೆ ಒಂದು ಹುಣಸೆ ಬೊಡ್ಡೆ ಮಾತ್ರ ಉಳಿಯಿತು ಅಂತ ಆರ್.ಟಿ. ನಗರದ ಒಂದು ಪುಟ್ಟ ಇಂಟರ್ನೆಟ್ ಪತ್ರಿಕೆಯಲ್ಲಿ ಉದ್ದನೆಯ ಲೇಖನ ಬಂದಿತ್ತು. ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುವ ಪತ್ರಿಕೆ. ಸೊಸೆಯ ಗೆಳತಿಯೊಬ್ಬಳು ಚಂದಾದಾರಳು. ಅವಳು ಕಳಿಸಿದ್ದನ್ನು ಸೊಸೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಳು. ಫೋನಿನಲ್ಲಿ ನನಗೆ ಓದಲಾಗುವುದಿಲ್ಲ, ಬೆರಳಿಟ್ಟರೆ ಸಾಲು ಜಾರಿ ಹೋಗುತ್ತದೆ.

ಆವತ್ತು ನಾನು ಚೆನ್ನಾಗಿ ಓದಿದೆ. ನಮ್ಮೂರ ವಿಷಯ. ಚಿಕ್ಕವಳಿದ್ದಾಗ ಆ ತೋಪಿನ ಹುಣಸೆಕಾಯಿ ಕದ್ದು ಉಪ್ಪು ಹಚ್ಚಿ ತಿಂದವಳು ನಾನು. ಒಂದು ಒಬ್ಬೆಗೆ ಮುಗಿಯಲಿಲ್ಲ. ಇನ್ನೊಂದು ಒಬ್ಬೆ ಏರಿಸಿ ಕೊನೆಯ ಸಾಲಿನ ತನಕ ಓದಿದೆ. ಬರೆದವರ ಹೆಸರು ಓದಲಿಲ್ಲ. ಬೇಕಂತ ಬಿಟ್ಟದ್ದಲ್ಲ. ತಲೆಬರಹದ ಕೆಳಗೆ ಸಣ್ಣಕ್ಷರದಲ್ಲಿ ಇರುವ ಆ ಸಾಲನ್ನು ನಾನು ಯಾವತ್ತೂ ಓದಿದವಳೇ ಅಲ್ಲ. ಇಡ್ಲಿ ತಿನ್ನುವವರು ಸುದ್ದಿ ಕೇಳುತ್ತಾರೆ, ಬರೆದವರು ಯಾರು ಅಂತ ಯಾರು ಕೇಳುತ್ತಾರೆ? ಬೆರಳು ತಾನಾಗಿಯೇ ಆ ಸಾಲು ಹಾರಿ ಕೆಳಗಿಳಿಯುತ್ತದೆ. ಅಂಗಡಿಯಲ್ಲಾದರೆ ಪೇಪರಿನ ಹೆಸರು ಎಲ್ಲರ ಕಣ್ಣಿಗೂ ಕಾಣುತ್ತಿರುತ್ತದೆ. ಆ ಪ್ರಿಂಟಿನ ಹಾಳೆಯಲ್ಲಿ ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಒಬ್ಬ ಅಜ್ಜಿ, ಅವಳ ಕೈಯಲ್ಲಿ ನಾಲ್ಕಾರು ಬಿಳಿ ಹಾಳೆ, ಅವಳ ಬಾಯಲ್ಲಿ ಊರ ತೋಪಿನ ಕಥೆ, ಅಷ್ಟೇ.

ಆ ವಿಡಿಯೋ ನಮ್ಮ ಬೇರೆಲ್ಲ ವಿಡಿಯೋಗಳಿಗಿಂತ ಹೆಚ್ಚು ಓಡಿತು. ಅದನ್ನೇ ಕಂಪನಿ ಕಿತ್ತು ಹಾಕಿದ್ದು.

ನನಗೆ ಸಿಟ್ಟು ಬಂದರೆ ತಡೆಯುವುದಿಲ್ಲ. ಮರುದಿನ ಮುಚ್ಚಳ ಹಾಕಿ ಸೊಸೆಗೆ ಫೋನ್ ಹಿಡಿ ಅಂದೆ. ಕೈಯಲ್ಲಿ ಹಾಳೆ ಇರಲಿಲ್ಲ, ಬಾಯಿ ಮಾತ್ರ ಇತ್ತು. “ನೋಡ್ರಪ್ಪಾ, ಓದಿದ್ದಕ್ಕೆ ನನ್ನ ಕಳ್ಳಿ ಅಂದವ್ರೆ. ನಮ್ಮೂರ್ ತೋಪು, ನಮ್ಮೂರ್ ಮರ, ನಾನು ಕಣ್ಣಾರೆ ಕಂಡಿದ್ದು. ಅದನ್ನ ಆರ್.ಟಿ. ನಗರದಲ್ಲಿ ಫ್ಯಾನ್ ಕೆಳಗೆ ಕೂತ್ಕೊಂಡು ಬರ್ದೋಳು ನಂದು ಅಂತಾಳೆ. ಸುದ್ದಿ ಏನು ಅವಳಪ್ಪನ ಮನೆ ಆಸ್ತಿನಾ?” ಅಂದೆ. ಇನ್ನೂ ಏನೇನೋ ಅಂದೆ. ಬರೆದದ್ದು ಒಬ್ಬ ಹೆಂಗಸು ಅಂತ ಅಷ್ಟು ಹೊತ್ತಿಗೆ ಸೊಸೆ ಹೇಳಿದ್ದಳು. ಹೆಸರು ಆಗಲೂ ಓದಲಿಲ್ಲ. ಪತ್ರಿಕೆಯ ಹೆಸರು ಮಾತ್ರ ಮರೆಯದೆ ಹೇಳಿದೆ, ಬೈಯುವುದಕ್ಕೆ ಬೇಕಿತ್ತಲ್ಲ.

ಜನ ನನ್ನ ಪರವಾಗಿ ನಿಂತರು. ಆ ಪತ್ರಿಕೆಯ ಪುಟಕ್ಕೆ ಹೋಗಿ ಬರೆದರು. ಸೊಸೆ ಒಂದಿಷ್ಟು ಓದಿ ಹೇಳಿದಳು, ಆಮೇಲೆ ಓದುವುದು ನಿಲ್ಲಿಸಿದಳು.

“ಯಾಕೆ ನಿಲ್ಲಿಸ್ದೆ?”

“ಬ್ಯಾಡ ಬಿಡಿ ಅತ್ತೆ. ಕೆಟ್ಟ ಕೆಟ್ಟದಾಗಿ ಬರ್ದವ್ರೆ.”

“ಬರೀಲಿ ಬಿಡು” ಅಂದೆ. ಹಾಗೆಯೇ ಅಂದೆ. ಮರೆತಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗೆ ಒಬ್ಬ ವಕೀಲನಿದ್ದಾನೆ. ಬೆಳಗಿನ ತಿಂಡಿ ನಮ್ಮಲ್ಲೇ. ಅವನನ್ನು ಕೂರಿಸಿ ಕೇಳಿದೆವು. ಅವನು ಮೊದಲು ಕೇಳಿದ್ದು, “ಅಜ್ಜಿ, ಎಷ್ಟು ಓದಿದ್ರಿ?”

“ಪೂರ್ತಿ.”

“ನಿಮ್ ಮಾತು ಎಷ್ಟಿತ್ತು ಅದ್ರಲ್ಲಿ?”

“ಬೇಕಾದಷ್ಟಿತ್ತು.”

“ತೋರ್ಸಿ” ಅಂದ.

ಸೊಸೆ ವಿಡಿಯೋ ಹಾಕಿದಳು. ಅವನು ಪ್ರಿಂಟಿನ ಹಾಳೆ ಮುಂದಿಟ್ಟುಕೊಂಡು, ನಾನು ಓದಿದ ಸಾಲಿಗೆಲ್ಲ ಕೆಂಪು ಗೆರೆ ಎಳೆದ. ನನ್ನ ಮಾತು ಬಂದಾಗ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದ. ಮುಗಿದಾಗ ಹಾಳೆಗಳೆಲ್ಲ ಕೆಂಪಾಗಿದ್ದವು. ನೀಲಿಯಲ್ಲಿ ‘ಅಯ್ಯೋ’, ‘ನೋಡ್ರಪ್ಪಾ’, ‘ಥೂ ಇವರ ಮನೆ ಹಾಳಾಗ’, ಒಂದು ಕಡೆ ‘ಏ ಸೊಸೆ, ಗ್ಯಾಸ್ ಸಣ್ಣಗ್ ಮಾಡೇ’. ಅಷ್ಟೇ. ನಾನು ಎಷ್ಟೊಂದು ಮಾತಾಡಿದ್ದೆ ಅಂದುಕೊಂಡಿದ್ದೆ!

ಅವನು ವಿವರಿಸಿದ. ಸುದ್ದಿ ಯಾರ ಸ್ವತ್ತೂ ಅಲ್ಲ. ತೋಪು ಹೋಯಿತು ಅನ್ನುವುದನ್ನು ಯಾರು ಬೇಕಾದರೂ ಹೇಳಬಹುದು. ಆದರೆ ಅದನ್ನು ಹೇಳಿದ ವಾಕ್ಯಗಳು ಬರೆದವರವು. ಟೀಕೆ ಮಾಡುವುದಕ್ಕೋ, ವಿಮರ್ಶೆಗೋ, ಇನ್ನೊಂದು ವರದಿಗೋ ಬೇಕಾದಷ್ಟು ಎತ್ತಿಕೊಳ್ಳಬಹುದು, ಯಾರದ್ದು ಅಂತ ಹೇಳಬೇಕು. ಅದಕ್ಕೆ ಕಾನೂನಿನಲ್ಲಿ ಜಾಗ ಇದೆ, ಫೇರ್ ಡೀಲಿಂಗ್ ಅನ್ನುತ್ತಾರೆ.

“ಹಂಗಾದ್ರೆ ನಾನು ಮಾಡಿದ್ದು ಅದಾ?” ಅಂದೆ.

ಅವನು ಇಡ್ಲಿ ಮುರಿದು ಸಾಂಬಾರಿಗೆ ಅದ್ದಿದ. “ಜಡ್ಜ್ ಮುಂದೆ ಹೋದ್ರೆ ಕಷ್ಟ ಅಜ್ಜಿ. ಆದ್ರೆ ಜಡ್ಜ್ ಮುಂದೆ ಹೋಗೋ ಪ್ರಶ್ನೆನೇ ಬರಲ್ಲ.”

ಯಾಕೆ ಬರುವುದಿಲ್ಲ ಅಂತಲೂ ಹೇಳಿದ. ನಾವು ಒಂದು ಎದುರು ಅರ್ಜಿ ಹಾಕಬೇಕು. ನಮ್ಮ ಹೆಸರು, ವಿಳಾಸ ಕೊಟ್ಟು, ಈ ವಿಡಿಯೋವನ್ನು ತಪ್ಪಾಗಿ ತೆಗೆದಿದ್ದಾರೆ ಅಂತ ಪ್ರಾಮಾಣಿಕವಾಗಿ ನಂಬಿದ್ದೇನೆ ಅಂತ ಸಹಿ ಹಾಕಬೇಕು. ಆಮೇಲೆ ಆ ಕಡೆಯವರು, ವಿಡಿಯೋ ಕಂಪನಿ ಕೊಟ್ಟ ಗಡುವಿನೊಳಗೆ, ಕೋರ್ಟಿಗೆ ಹೋಗಿದ್ದಕ್ಕೆ ಕಾಗದ ತೋರಿಸಬೇಕು. ತೋರಿಸದಿದ್ದರೆ ವಿಡಿಯೋ ವಾಪಸ್, ಸ್ಟ್ರೈಕೂ ಮಾಯ. “ಅವ್ರು ಇಬ್ರೇ ಇರೋ ಪತ್ರಿಕೆ. ಕೋರ್ಟು ಕಚೇರಿ ಅಂತ ತಿರುಗೋ ತಾಕತ್ತು ಅವ್ರಿಗಿಲ್ಲ. ಸುಮ್ನೆ ಹಾಕಿ” ಅಂದ.

ಪ್ರಾಮಾಣಿಕವಾಗಿ ನಂಬಿದ್ದೇನೆ ಅನ್ನುವ ಸಾಲನ್ನು ಸೊಸೆ ಎರಡು ಸಲ ಓದಿ ಹೇಳಿದಳು. ಎದುರಿಗೆ ಆ ಕೆಂಪು ಗೆರೆಯ ಹಾಳೆಗಳು ಬಿದ್ದಿದ್ದವು. ಅವುಗಳ ಮೇಲೆ ಯಾರೋ ಚಟ್ನಿ ಬಟ್ಟಲು ಇಟ್ಟಿದ್ದರು. ನಾನು ಸೊಸೆಯ ಕಾಲು ನೋಡಿದೆ, ಸಹಿ ಹಾಕಿದೆ.

ಗಡುವು ಮುಗಿಯುವ ತನಕ ಸೊಸೆಗೆ ಊಟ ಸೇರಲಿಲ್ಲ. ಫೋನು ಸದ್ದು ಮಾಡಿದಾಗೆಲ್ಲ ಬೆಚ್ಚುತ್ತಿದ್ದಳು. ನಾನು ಮಾತ್ರ ಜೋರಾಗಿಯೇ ಇದ್ದೆ. ಆ ಕಡೆಯಿಂದ ಯಾರೂ ಕೋರ್ಟಿಗೆ ಹೋಗಲಿಲ್ಲ. ಒಂದು ಬೆಳಗ್ಗೆ ವಿಡಿಯೋ ತಾನಾಗಿ ವಾಪಸ್ ಬಂತು. ಅಂಗಡಿಗೆ ಬಂದವರಿಗೆಲ್ಲ ಕೇಸರಿಬಾತು ಬಡಿಸಿದೆ. ವಕೀಲ ಎರಡು ಸಲ ಹಾಕಿಸಿಕೊಂಡ.

ಗೆದ್ದ ಅಜ್ಜಿ ಅಂತ ಹೆಸರಾಯಿತು. ಬಡಾವಣೆಯ ಸಂಘದವರು ಬಂದು ಕರೆದರು. ಹೋದೆ. ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ. ಸಂಘದ ಅಧ್ಯಕ್ಷ ಮೈಕು ಹಿಡಿದು, “ಈ ತಾಯಿ ಓದಿರೋದು ನಾಲ್ಕನೇ ಕ್ಲಾಸು. ಆದರೆ ಮಳೆ ಬಿಸಿಲು ಅನ್ನದೆ ತಿರುಗಿ, ಹಳೇ ನಕ್ಷೆ ಹುಡುಕಿ ತೆಗೆದು, ನಮ್ಮ ಗುಂಡುತೋಪಿನ ಸತ್ಯ ಹೊರಗೆ ತಂದವರು” ಅಂದ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು, ಅದು ನಾನಲ್ಲ ಅನ್ನಬಹುದಾಗಿತ್ತು. ಮೈಕು ನನ್ನ ಕೈಗೂ ಕೊಟ್ಟರು. ಬಾಯಿ ಸತ್ತವಳಲ್ಲ ನಾನು. “ಎಲ್ರೂ ಚೆನ್ನಾಗಿರಿ” ಅಂದೆ. ಶಾಲು ಹೊದಿಸಿದರು. ಹೊದ್ದುಕೊಂಡೆ.

ಸಭೆಯ ಕೊನೆಯ ಸಾಲಿನಲ್ಲಿ ನನ್ನ ಹಳೇ ಗಿರಾಕಿಯೊಬ್ಬ ಕೂತಿದ್ದ. ಚಿಕ್ಕಬಾಣಾವರ ಸ್ಟೇಷನ್ನಿನ ಕಡೆ ರೈಲ್ವೆ ಗ್ಯಾಂಗ್‌ಮನ್ ಆಗಿದ್ದು ರಿಟೈರಾದವನು. ದಿನಾ ಮೊದಲ ಒಬ್ಬೆಗೇ ಬರುವ ಮನುಷ್ಯ. ವಿಡಿಯೋ ಗಲಾಟೆ ಶುರುವಾದ ಮೇಲೆ ಬರುವುದು ಬಿಟ್ಟಿದ್ದ. ಮೊಮ್ಮಕ್ಕಳ ಮನೆಗೆ ಹೋಗಿರಬೇಕು ಅಂದುಕೊಂಡಿದ್ದೆ. ಹೊರಗೆ ಬರುವಾಗ ಎದುರಿಗೆ ಸಿಕ್ಕ. ಶಾಲಿನ ಅಂಚು ಹಿಡಿದು ನೋಡಿದ.

“ಚೆಂದಾಗೈತೆ” ಅಂದ. “ನೀನ್ ಯಾವಾಗವ್ವ ನಕ್ಷೆ ಉಡುಕಿದ್ದು?”

ನಾನು ಶಾಲಿನ ಅಂಚನ್ನು ಅವನ ಕೈಯಿಂದ ಬಿಡಿಸಿಕೊಂಡೆ.

“ಅಲ್ಲಾ, ಕೇಳ್ತಿವ್ನಿ. ನನ್ ಜತೆ ಆ ಮುಳ್ಳಲ್ಲಿ ತಿರುಗಿದ್ದು ಆ ಪತ್ರಿಕೆ ಉಡುಗಿ. ಬೊಡ್ಡೆ ಎಲ್ಲೈತೆ ತೋರ್ಸಪ್ಪ ಅಂತ ಬೆಳಗಾದ್ರೆ ಬರೋಳು. ಕಾಲಿಗೆ ಕಬ್ಬಿಣ ಚುಚ್ಚಿ ರಕ್ತ ಸುರೀತಾ ಇದ್ರೂ ಕುಂಟ್ಕೊಂಡೇ ಅಳತೆ ಇಡಿಸಿದ್ಲು. ನೀನ್ ಅವಾಗ ಇಡ್ಲಿ ಬೇಯಿಸ್ತಿದ್ದೆ. ಅವ್ಳಿಗೂ ಒಂದಿನ ಬಡಿಸಿದ್ದೆ, ಗೆಪ್ತಿ ಐತಾ?”

ನೆನಪಿರಲಿಲ್ಲ. ಎಷ್ಟೋ ಜನಕ್ಕೆ ಬಡಿಸುತ್ತೇನೆ.

“ಫ್ಯಾನ್ ಕೆಳಗೆ ಕುಂತು ಬರ್ದೋಳು ಅಂದೆ ನೀನು” ಅಂದ. “ಅದನ್ನ ನಾನು ಫೋನಲ್ಲಿ ಕೇಳ್ದೆ. ಅವತ್ತಿಂದ ನಿನ್ ಇಡ್ಲಿ ಗಂಟ್ಲಲ್ಲಿ ಇಳೀತಿಲ್ಲ ನೋಡವ್ವ.”

ಹೇಳಿ ಹೋಗಿಬಿಟ್ಟ. ಶಾಲು ಮೈಮೇಲಿತ್ತು. ಮನೆಯ ತನಕ ಅದನ್ನು ಹೊದ್ದುಕೊಂಡೇ ನಡೆಯಬೇಕಾಯಿತು. ರಸ್ತೆಯಲ್ಲಿ ಸಿಕ್ಕವರೆಲ್ಲ, “ಏನ್ ಅಜ್ಜಿ, ಸನ್ಮಾನಾನಾ?” ಅಂತ ಕೇಳುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಶಾಲನ್ನು ತೆಗೆದು ಕೈಯಲ್ಲಿ ಮಡಚಿಕೊಳ್ಳಬಹುದಿತ್ತು. ಅದೂ ತೋಚಲಿಲ್ಲ.

ಮಾರನೆಯ ದಿನ ಗ್ಯಾಂಗ್‌ಮನ್ ಮನೆಗೆ ನಾನೇ ಹೋಗಿ, ಆ ಹುಡುಗಿಯ ಆಫೀಸು ಎಲ್ಲಿ ಅಂತ ಕೇಳಿದೆ. “ಯಾಕೆ, ಅಲ್ಲೂ ಓಗಿ ಬೈತೀಯಾ?” ಅಂದ. ಆಮೇಲೆ ವಿಳಾಸ ಹೇಳಿದ. ಸೊಸೆಗೆ ಹೇಳಲಿಲ್ಲ. ಒಂದು ಡಬ್ಬಿ ಇಡ್ಲಿ ಕಟ್ಟಿಕೊಂಡು, ಯಶವಂತಪುರದಲ್ಲಿ ಒಂದು ಬಸ್ಸು ಬದಲಿಸಿ, ಹೆಬ್ಬಾಳದಲ್ಲಿ ಟ್ರಾಫಿಕ್ಕಿನಲ್ಲಿ ಕೂತು ಕೂತು, ಆರ್.ಟಿ. ನಗರಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಒಂದು ಮಾತೂ ಸರಿ ಬರಲಿಲ್ಲ.

ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ. ಫ್ಯಾನು ಇತ್ತು, ಅದನ್ನು ಮೊದಲು ನೋಡಿದೆ. ಅವಳೊಬ್ಬಳೇ ಇದ್ದಳು, ನನ್ನ ಸೊಸೆಯ ವಯಸ್ಸಿನವಳು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು.

“ಇಲ್ಲೂ ವಿಡಿಯೋ ಮಾಡೋಕೆ ಬಂದ್ರಾ?”

“ಇಲ್ಲ ಕಣಮ್ಮ. ಒಬ್ಳೇ ಬಂದಿದೀನಿ.” ಡಬ್ಬಿ ಮೇಜಿನ ಮೇಲಿಟ್ಟೆ.

“ಅದನ್ನ ವಾಪಸ್ ತಗೊಳ್ಳಿ.”

ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡೆ. ಕೂರಿ ಅನ್ನಲಿಲ್ಲ, ನಾನೇ ಕೂತಿದ್ದೆ. “ತಪ್ಪಾಯ್ತು” ಅಂದೆ. ಬಸ್ಸಿನಲ್ಲಿ ಕಲೆಹಾಕಿದ್ದ ಮಾತೆಲ್ಲ ಹೋಗಿ ಅದೊಂದೇ ಉಳಿದಿತ್ತು.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಕೇಳಿದಳು. “ಯಾವುದು ತಪ್ಪಾಯ್ತು?”

“ಓದಿದ್ದು.”

“ಓದಿದ್ದು ತಪ್ಪಲ್ಲ ಅಜ್ಜಿ. ನಾಲ್ಕು ಸಾಲು ಓದಿ, ನನ್ನ ಹೆಸ್ರು ಹೇಳಿ, ಇವಳು ಬರ್ದಿರೋದು ಶುದ್ಧ ಸುಳ್ಳು ಅಂತ ಬೈದಿದ್ರೂ ನಾನು ಕಂಪ್ಲೇಂಟ್ ಕೊಡ್ತಿರ್ಲಿಲ್ಲ. ಅದು ನಿಮ್ ಹಕ್ಕು. ಹತ್ತು ಸಾಲು ಓದಿದ್ರೂ ಸುಮ್ನಿರ್ತಿದ್ದೆ. ಕೊನೆ ಸಾಲಿನವರೆಗೂ ನಿಮ್ಮ ಅಂಗಡಿಲೇ ಬಡಿಸಿಬಿಟ್ರೆ ನನ್ನ ಬಾಗಿಲಿಗೆ ಯಾಕೆ ಬರ್ತಾರೆ ಹೇಳಿ? ನೀವು ಇಡ್ಲಿ ಮಾಡಿ ಇಡ್ತೀರಿ, ನಾನು ತಟ್ಟೆ ಸಮೇತ ಎತ್ಕೊಂಡ್ ಹೋಗಿ ಪಕ್ಕದ ರಸ್ತೆಲಿ ಹಂಚಿ, ನಾನೇ ಮಾಡ್ದೆ ಅಂದ್ರೆ?”

“ನಾನು ಮಾಡ್ದೆ ಅನ್ಲಿಲ್ಲ” ಅಂದೆ.

“ಶಾಲು ಹೊದ್ಕೊಂಡ್ರಲ್ಲ. ಫೋಟೋ ನೋಡ್ದೆ.”

ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡೆ.

“ನನ್ ಜೊತೆ ಒಬ್ಳು ಇದ್ಲು. ಇಬ್ರೂ ಸೇರಿ ನಡೆಸ್ತಿದ್ವಿ” ಅಂದಳು. ಪಕ್ಕದ ಖಾಲಿ ಮೇಜು ತೋರಿಸಲಿಲ್ಲ, ನಾನೇ ನೋಡಿದೆ. “ನಿಮ್ ಜನ ಬರ್ದಿದ್ದನ್ನ ಅವಳ ಗಂಡ ಓದ್ದ, ಅತ್ತೆ ಓದಿದ್ರು. ಈ ಕೆಲಸ ಸಾಕು ಅಂದ್ರು. ಬಿಟ್ ಹೋದ್ಲು. ನಮ್ಮಮ್ಮನೂ ಓದಿದ್ರು. ನಮ್ಮಮ್ಮಂಗೆ ನಿಮ್ ವಿಡಿಯೋ ಅಂದ್ರೆ ಇಷ್ಟ ಇತ್ತು, ಗೊತ್ತಾ? ದಿನಾ ನೋಡೋರು.”

ಇಷ್ಟಾದರೂ ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳ ಆಡಿ ಗೊತ್ತು ನನಗೆ.

ಕೊನೆಗೆ ಫೋನಿನಲ್ಲಿ ಏನೋ ತೆಗೆದು ನನ್ನ ಮುಂದೆ ಹಿಡಿದಳು. ನನ್ನ ಎದುರು ಅರ್ಜಿ. ಅದು ಅವಳಿಗೂ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೆಳಗೆ ನನ್ನ ಸಹಿ.

“ನನಗೆ ಒಂದೇ ಕೇಳೋದಿತ್ತು. ಪ್ರಾಮಾಣಿಕವಾಗಿ ನಂಬಿದೀನಿ ಅಂತ ಸಹಿ ಹಾಕಿದೀರಿ. ನಂಬಿದ್ರಾ?”

ಕೆಂಪು ಗೆರೆಯ ಹಾಳೆಗಳು ಕಣ್ಣ ಮುಂದೆ ಬಂದವು, ಮೇಲಿದ್ದ ಚಟ್ನಿ ಬಟ್ಟಲೂ.

“ಇಲ್ಲ” ಅಂದೆ. “ನೀನು ಕೋರ್ಟಿಗೆ ಹೋಗಲ್ಲ ಅಂತ ನಂಬಿದ್ದೆ.”

ಅವಳು ಫೋನು ಕೆಳಗಿಟ್ಟಳು. “ಸರಿ” ಅಂದಳು. “ಕೆಲಸ ಇದೆ ನಂಗೆ.”

ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಬಸ್ ಸ್ಟಾಪಿನಲ್ಲಿ ಕೂತಾಗ ಹಸಿವಾಗಿತ್ತು, ಡಬ್ಬಿಯಲ್ಲಿ ಇಡ್ಲಿ ಇತ್ತು. ತಿನ್ನಲಾಗಲಿಲ್ಲ.

ಮನೆಗೆ ಬಂದು ಸೊಸೆಗೆ ಎಲ್ಲ ಹೇಳಿದೆ. ವಿಡಿಯೋ ತೆಗೆದುಹಾಕು ಅಂದೆ. ಸೊಸೆ ಹಿಟ್ಟು ರುಬ್ಬುತ್ತಿದ್ದವಳು ಗ್ರೈಂಡರ್ ನಿಲ್ಲಿಸಿದಳು.

“ಗೆದ್ದಾಯ್ತಲ್ಲ ಅತ್ತೆ. ಸ್ಟ್ರೈಕೂ ಹೋಯ್ತು. ಈಗ್ಯಾಕೆ?”

“ಗೆದ್ದಿಲ್ಲ ಕಣೆ. ಅವ್ರು ಬಡವ್ರು, ಅಷ್ಟೇ.”

“ನಾವೇನ್ ಸಾಹುಕಾರ್ರಾ?” ಅಂದಳು. “ಆ ವಿಡಿಯೋದಿಂದ್ಲೇ ಜನ ಬರ್ತಿರೋದು. ಅದು ಹೋದ್ರೆ ಚಾನೆಲ್ ಬೀಳ್ತದೆ. ನಿಮ್ ಮಾನ ಉಳಿಸ್ಕೊಳ್ಳೋಕೆ ನನ್ನ ಮತ್ತೆ ಬಸ್ ಹತ್ತಿಸ್ತೀರಾ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾಚಿಕೆ ಪಡುವವಳು ನಾನು, ಕಾಲು ಊದಿಸಿಕೊಳ್ಳುವವಳು ಅವಳು. ಅದು ಗೊತ್ತಿದ್ದೂ, “ಹತ್ತಿಸ್ತೀನಿ” ಅಂದೆ. ಅಷ್ಟೇ ಅಂದೆ.

ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅಂಗಡಿ ತೆರೆಯುವ ಮುಂಚೆ ಫೋನ್ ತಂದು ಮುಂದೆ ಹಿಡಿದಳು. “ನನ್ ಕೈಲಾಗಲ್ಲ. ಇಲ್ಲಿ ಒತ್ತಬೇಕು. ನೀವೇ ಒತ್ತಿ.” ಒತ್ತಿದೆ. ಬೆರಳಿಗೆ ಹಿಟ್ಟು ಮೆತ್ತಿತ್ತು, ಫೋನು ತೆಗೆದುಕೊಳ್ಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಹೋಯಿತು. ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

“ಈಗ ಹಿಡಿ ಫೋನು” ಅಂದೆ.

ಒಬ್ಬೆ ಏರಿಸಿ ಮುಚ್ಚಳ ಹಾಕಿದೆ. ಅದೇ ಪ್ರಿಂಟಿನ ಹಾಳೆ, ಕೆಂಪು ಗೆರೆಯದ್ದೇ, ಕೈಗೆತ್ತಿಕೊಂಡೆ. ಮೊದಲು ಪತ್ರಿಕೆಯ ಹೆಸರು ಓದಿದೆ. ತಲೆಬರಹ ಓದಿದೆ. ಆಮೇಲೆ ಬೆರಳನ್ನು ಆ ಸಣ್ಣಕ್ಷರದ ಸಾಲಿನ ಕೆಳಗಿಟ್ಟು ಅವಳ ಹೆಸರು ಓದಿದೆ. ಅಕ್ಷರ ಸಣ್ಣದು, ಎರಡು ಸಲ ತಡವರಿಸಿದೆ. ಮೊದಲ ನಾಲ್ಕು ಸಾಲು ಓದಿದೆ. “ಇದನ್ನ ಹುಡುಕಿದ್ದು, ಬರ್ದಿದ್ದು ಈ ಹೆಣ್ಮಗಳು. ನಾನಲ್ಲ. ನಾನು ಪೂರ್ತಿ ಓದಿದ್ದು ಕಳ್ಳತನ. ಆಮೇಲೆ ಅವಳನ್ನೇ ಬೈದೆ, ಅದು ಇನ್ನೂ ಹೊಲಸು. ಅವಳ ಪುಟದಲ್ಲಿ ಯಾರ್ಯಾರು ಗಲೀಜು ಬರ್ದಿದೀರೋ, ಹೋಗಿ ಅಳಿಸಿ ಬನ್ನಿ. ಮುಂದಿನ ಸುದ್ದಿ ಬೇಕಾದ್ರೆ ಅಲ್ಲೇ ಓದ್ಕೊಳ್ಳಿ” ಅಂದೆ. ಹಾಳೆ ಮಡಚಿದೆ.

ಇಡ್ಲಿ ಇನ್ನೂ ಬೆಂದಿರಲಿಲ್ಲ.

ಮುಚ್ಚಳ ತೆಗೆಯುವ ತನಕ ವಿಡಿಯೋ ನಿಲ್ಲಿಸುವುದು ನಮ್ಮ ಪದ್ಧತಿಯಲ್ಲ. ಸೊಸೆ ನಿಲ್ಲಿಸಲಿಲ್ಲ. ನಾನು ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತೆ. ಆವಿ ಬರುತ್ತಿತ್ತು, ನೀರು ಕೊತಕೊತ ಅನ್ನುತ್ತಿತ್ತು. ಗಿರಾಕಿಗಳು ಬಂದು ಕೂತರು. ಒಬ್ಬ ಹುಡುಗ, “ಯಾಕಜ್ಜಿ, ಕರೆಂಟ್ ಹೋಯ್ತಾ? ಓದಿ ಮುಂದಕ್ಕೆ” ಅಂದ. ಮಾತಾಡಲಿಲ್ಲ. ಜೀವಮಾನದಲ್ಲಿ ಒಬ್ಬೆ ಬೇಯುವುದು ಅಷ್ಟು ನಿಧಾನ ಅಂತ ನನಗೆ ತಿಳಿದಿರಲಿಲ್ಲ.

ಆ ವಿಡಿಯೋ ಓಡಲಿಲ್ಲ. ಕೆಲವರು ಅಜ್ಜಿಯನ್ನು ಯಾರೋ ಹೆದರಿಸಿದ್ದಾರೆ ಅಂದರು. ಕೆಲವರು ಅಜ್ಜಿ ಕಳ್ಳಿ ಅಂತ ಬರೆದರು. ಸೊಸೆ ಅದನ್ನು ಮಾತ್ರ ಪೂರ್ತಿ ಓದಿ ಹೇಳಿದಳು, ನಾನೂ ಪೂರ್ತಿ ಕೇಳಿದೆ. ಆ ಪತ್ರಿಕೆಯ ಪುಟದ ಗಲೀಜನ್ನು ಒಬ್ಬಿಬ್ಬರು ಅಳಿಸಿದರಂತೆ. ಉಳಿದವರು ಹಾಗೇ ಬಿಟ್ಟಿದ್ದಾರೆ. ಈಗ ಯಾವ ಸುದ್ದಿಯಾದರೂ ಹೆಸರು ಹೇಳಿ, ನಾಲ್ಕಾರು ಸಾಲು ಓದಿ, ಉಳಿದ ಹೊತ್ತು ನನ್ನ ಮಾತೇ ಆಡುತ್ತೇನೆ. ನನ್ನ ಮಾತು ಎಷ್ಟು ಕಡಿಮೆ ಅಂತ ಈಗ ಗೊತ್ತಾಗಿದೆ. ಸೊಸೆ ಮತ್ತೆ ಪೀಣ್ಯದ ಬಸ್ಸು ಹತ್ತುತ್ತಿದ್ದಾಳೆ. ಸಾಯಂಕಾಲ ಬಂದಾಗ ಬಿಸಿನೀರಿಗೆ ಉಪ್ಪು ಹಾಕಿ ಅವಳ ಕಾಲ ಮುಂದಿಡುತ್ತೇನೆ. ಅವಳು ಬೇಡ ಅನ್ನುವುದಿಲ್ಲ, ಮಾತೂ ಆಡುವುದಿಲ್ಲ.

ಗ್ಯಾಂಗ್‌ಮನ್ ಮತ್ತೆ ಮೊದಲ ಒಬ್ಬೆಗೆ ಬರುತ್ತಾನೆ. ಒಂದು ದಿನ, “ಆ ಉಡುಗಿ ಬಂದಿದ್ಲು ತೋಪಿನ ತಾವ” ಅಂದ.

“ನನ್ ವಿಷ್ಯ ಏನಾದ್ರೂ ಅಂದ್ಲಾ?”

“ಇಲ್ಲ.”

“ಏನೂ?”

“ಇಂಗೇ ಬೊಡ್ಡೆ ಫೋಟೋ ತಗೊಂಡ್ಲು, ಒಂಟೋದ್ಲು. ಚಟ್ನಿ ಆಕವ್ವ” ಅಂದ.

ಶಾಲು ಟ್ರಂಕಿನ ತಳದಲ್ಲಿದೆ. ಸಂಘದವರಿಗೆ ವಾಪಸ್ ಕೊಡಲು ಹೋಗಿದ್ದೆ. “ನೀವು ಬಿಡಿ ಅಜ್ಜಿ, ನಿಮ್ಮಂಥೋರು ಹಿಂಗೇ ಹೇಳೋದು” ಅಂತ ನಕ್ಕು ಕಳಿಸಿದರು.

ನಾನು ಅಳಿಸಿದ ವಿಡಿಯೋ ಅಳಿದಿಲ್ಲ. ಯಾರ್ಯಾರೋ ಇಳಿಸಿಟ್ಟುಕೊಂಡು ತಮ್ಮ ತಮ್ಮ ಪುಟದಲ್ಲಿ ಹಾಕಿಕೊಂಡಿದ್ದಾರೆ. ಒಂದರಲ್ಲಿ ನಮ್ಮ ಚಾನೆಲ್ಲಿನ ಹೆಸರನ್ನೇ ಕತ್ತರಿಸಿದ್ದಾರೆ. ಸೊಸೆ ತೋರಿಸಿ, “ಬೇಕಾದ್ರೆ ಇವ್ರಿಗೆ ನಾವು ಸ್ಟ್ರೈಕ್ ಹಾಕಬಹುದು” ಅಂದಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ತಾನಾಗಿ ಆಡಿದ ಮಾತು ಅದು. ಯಾವ ಮುಖ ಇಟ್ಟುಕೊಂಡು ಹಾಕಲಿ?

ಮೊನ್ನೆ ಯಲಹಂಕದಿಂದ ಗಂಡ ಹೆಂಡತಿ ಬಂದಿದ್ದರು. ತಿಂದು ಕೈ ತೊಳೆದು ಬಂದ ಹೆಂಗಸು ನನ್ನ ಮುಖವನ್ನೇ ನೋಡಿ, “ಗುಂಡುತೋಪು ಹುಡುಕಿದ ಅಜ್ಜಿ ನೀವೇ ಅಲ್ವಾ?” ಅಂದಳು.

“ಅಲ್ಲ” ಅಂದೆ. ಹುಡುಕಿದವಳ ಹೆಸರು ಹೇಳಿದೆ. ಪತ್ರಿಕೆಯ ಹೆಸರೂ ಹೇಳಿದೆ. ನಾನು ಬರೀ ಓದಿದವಳು, ಕದ್ದು ಓದಿದವಳು ಅಂದೆ.

ಅವಳು ಗಂಡನ ಕಡೆ ತಿರುಗಿ, “ನೋಡಿದ್ರಾ, ಎಷ್ಟು ದೊಡ್ಡ ಮನಸ್ಸು” ಅಂದಳು. ಹಾಗೇ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಕಾಲನ್ನು ಸ್ಟೂಲಿನ ಅಡಿಗೆ ಎಳೆದುಕೊಂಡೆ. ಅವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.